ತೆರೆದ ಬಲೆಯ ಸಾಲ್ಮನ್ ಫಾರ್ಮ್‌ನಿಂದ ವೈಲ್ಡ್ ಮೀನಿಗೆ ಕಾಯಿಲೆ ಹರಡುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ

ಹೊಳೆಬದಿ:
ಎಲ್ರಿಗೂ ನಮಸ್ಕಾರ. ನಾನಿರೋದು ಕೆನಡಾದ ವ್ಯಾಂಕೂವರ್ ದ್ವೀಪದ ಉತ್ತರ ಭಾಗದಲ್ಲಿ. ಬಂದ ಮೊದಲನೇ ವರ್ಷ ಪಕ್ಕದ ಮನೆಯವರು ಹೊಳೆ ಹತ್ರ ಕರ್ಕೊಂಡು ಹೋಗಿ ಪಿಂಕ್ ಸಾಲ್ಮನ್ ಸಮುದ್ರದಿಂದ ವಾಪಸ್ ಹತ್ತಿ ಬರೋದನ್ನ ತೋರಿಸಿದ್ರು, ನೀರೇ ಕಾಣಿಸ್ತಿರ್ಲಿಲ್ಲ, ಬರೀ ಬೆನ್ನುಗಳು. ಆಮೇಲೆ ಪ್ರತಿ ವರ್ಷ ಹೋಗ್ತೀನಿ. ಕೆಲವು ವರ್ಷ ಅದೇ ಜಾಗದಲ್ಲಿ ಅರ್ಧ ಗಂಟೆ ನಿಂತ್ರೂ ಹತ್ತು ಮೀನು ಕಂಡಿಲ್ಲ, ಹೊಟ್ಟೆಯೊಳಗೆ ಸಂಕಟ ಆಗುತ್ತೆ.

ಇಲ್ಲಿ ಸಮುದ್ರದಲ್ಲೇ ದೊಡ್ಡ ದೊಡ್ಡ ಬಲೆ ಇಳಿಬಿಟ್ಟು ಅದರೊಳಗೆ ಲಕ್ಷಗಟ್ಟಲೆ ಅಟ್ಲಾಂಟಿಕ್ ಸಾಲ್ಮನ್ ಸಾಕ್ತಾರೆ. 2029ರ ಜೂನ್ 30ರೊಳಗೆ ಬ್ರಿಟಿಷ್ ಕೊಲಂಬಿಯಾ ಕರಾವಳೀಲಿ ಇದನ್ನ ನಿಲ್ಲಿಸ್ತೀವಿ ಅಂತ ಫೆಡರಲ್ ಸರ್ಕಾರ 2024ರಲ್ಲಿ ಹೇಳ್ತು, ಆವತ್ತಿಂದ ಊರು ಎರಡು ಭಾಗ ಆದ ಹಾಗೆ ಆಗಿದೆ. ಫಾರ್ಮಲ್ಲಿ ಕೆಲ್ಸ ಮಾಡೋ ಸ್ನೇಹಿತರೊಬ್ಬರು ನನಗೆ ಒಂದು ಮಾತು ಕೇಳಿದ್ರು: "ನಾವು ಹ್ಯಾಚರಿಯಿಂದ ತರೋ ಮರಿ ಮೈಮೇಲೆ ಒಂದು ಹೇನೂ ಇರಲ್ಲ. ಸಮುದ್ರಕ್ಕೆ ಬಿಟ್ಟ ಮೇಲೆ ವೈಲ್ಡ್ ಮೀನಿಂದಾನೇ ನಮ್ಮ ಮೀನಿಗೆ ಅಂಟೋದು. ಹಾಗಿದ್ರೆ ತಪ್ಪು ನಮ್ಮದು ಹೇಗೆ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಜಗಳಕ್ಕೆ ಕೇಳ್ತಿಲ್ಲ, ನಿಜವಾಗ್ಲೂ ತಿಳ್ಕೋಬೇಕು.

ಕಿವಿರು:
ಒಳ್ಳೆ ಪ್ರಶ್ನೆ ಸರ್. ನಾನು ಮೀನಿನ ಕಾಯಿಲೆಗಳ ಮೇಲೆ ಓದಿರೋಳು, ನಿಧಾನವಾಗಿ ಬರೀತೀನಿ, ಉದ್ದ ಆದ್ರೆ ಕ್ಷಮಿಸಿ.

ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ. ಸಮುದ್ರ ಹೇನು ಅಂತೀವಲ್ಲ, ಅದು ನಿಜವಾದ ಹೇನಲ್ಲ, ಸಿಗಡಿ ಏಡಿಗಳ ಬಳಗಕ್ಕೆ ಸೇರಿದ್ದು, ಮೀನಿನ ಲೋಳೆ, ಚರ್ಮ, ರಕ್ತ ತಿಂದು ಬದುಕುತ್ತೆ. ಸಾಲ್ಮನ್ ಇದ್ದಾಗಿಂದ ಅದೂ ಇದೆ. ಆದ್ರೆ ಪೆಸಿಫಿಕ್ ಕಡೆ ಪ್ರಕೃತಿ ಒಂದು ಬಾಗಿಲು ಇಟ್ಟಿತ್ತು. ದೊಡ್ಡ ಪಿಂಕ್ ಮೀನು ಬೇಸಿಗೆ ಕೊನೆಗೆ, ಶರತ್ಕಾಲಕ್ಕೆ ಹೊಳೆ ಹತ್ತುತ್ತೆ, ಸಿಹಿ ನೀರಲ್ಲಿ ಹೇನು ಬಾಳಲ್ಲ, ಉದುರಿ ಹೋಗುತ್ತೆ, ಮೀನೂ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತೆ. ವಸಂತದಲ್ಲಿ ಮರಿಗಳು ಸಮುದ್ರಕ್ಕೆ ಇಳಿಯೋ ಹೊತ್ತಿಗೆ ದಡದ ನೀರಲ್ಲಿ ಹೇನು ಹೊತ್ತ ದೊಡ್ಡ ಸಾಲ್ಮನ್ ಹೆಚ್ಚೇನೂ ಇರ್ತಿರ್ಲಿಲ್ಲ. ಅಂದ್ರೆ ಅಪ್ಪ ಅಮ್ಮನ ಹೇನು ಮಕ್ಕಳಿಗೆ ಅಂಟದ ಹಾಗೆ ನಡುವೆ ಒಂದು ಚಳಿಗಾಲ ಇತ್ತು.

ಈಗ ಅದೇ ದಾರೀಲಿ ಒಂದು ಫಾರ್ಮ್ ಇಡಿ. ಶರತ್ಕಾಲದಲ್ಲಿ ವಾಪಸ್ ಬರೋ ವೈಲ್ಡ್ ಮೀನಿಂದ ಹೇನು ಬಲೆಯೊಳಗಿನ ಮೀನಿಗೆ ಹತ್ತುತ್ತೆ (ಸ್ನೇಹಿತರು ಹೇಳಿದ್ದು ಇಲ್ಲಿವರೆಗೆ ಸರಿ), ಆದ್ರೆ ಆ ಮೀನು ಹೊಳೆಗೂ ಹೋಗಲ್ಲ, ಸಾಯೋದೂ ಇಲ್ಲ, ಚಳಿಗಾಲ ಪೂರ್ತಿ ಅಲ್ಲೇ ಇರುತ್ತೆ, ಹೇನಿಗೆ ಆರು ತಿಂಗಳು ಊಟ ವಸತಿ ಸಿಕ್ಕ ಹಾಗೆ. ಒಂದು ಹೆಣ್ಣು ಹೇನು ಬಾಲದ ಹತ್ರ ಎರಡು ದಾರದಂಥ ಮೊಟ್ಟೆಮಾಲೆ ಹೊತ್ಕೊಂಡಿರುತ್ತೆ, ಒಂದೊಂದರಲ್ಲೂ ನೂರಾರು ಮೊಟ್ಟೆ, ಅದೂ ಒಂದು ಸಲ ಅಲ್ಲ, ಜೀವಮಾನದಲ್ಲಿ ಮತ್ತೆ ಮತ್ತೆ. ಮೊಟ್ಟೆಯೊಡೆದ ಲಾರ್ವಾ ಬಲೆಯ ಕಣ್ಣಲ್ಲಿ ಆರಾಮಾಗಿ ನುಸುಳಿ ನೀರಿನ ಜೊತೆ ಕಿಲೋಮೀಟರ್‌ಗಟ್ಟಲೆ ತೇಲ್ಕೊಂಡು ಹೋಗುತ್ತೆ. ಸರಿಯಾಗಿ ಅದೇ ಹೊತ್ತಿಗೆ ಹೊಳೆಯಿಂದ ಪಿಂಕ್ ಮರಿ ಇಳಿದು ಬರುತ್ತೆ, ಅದರ ತೂಕ ಕಾಲು ಗ್ರಾಂ ಆಸುಪಾಸು, ಮೈಮೇಲೆ ಇನ್ನೂ ಹುರುಪೆ ಕೂಡ ಮೂಡಿರಲ್ಲ. ಲ್ಯಾಬ್ ಪ್ರಯೋಗಗಳಲ್ಲಿ ಮರಿ ಸುಮಾರು 0.7 ಗ್ರಾಂ ದಾಟಿದ ಮೇಲೆ ಹೇನನ್ನ ತಡ್ಕೊಳ್ಳೋ ಶಕ್ತಿ ಬರುತ್ತೆ ಅಂತ ಗೊತ್ತಾಗಿದೆ. ಅದಕ್ಕೂ ಮೊದಲಿನ ಆ ಕೆಲವು ವಾರಗಳೇ ಅಪಾಯ.

ಹಾಗಾಗಿ ಹೇನು ಎಲ್ಲಿಂದ ಬಂತು ಅನ್ನೋದು ಅರ್ಧ ಪ್ರಶ್ನೆ ಅಷ್ಟೇ. ಎಷ್ಟು ಪಟ್ಟು ಹೆಚ್ಚಾಗಿ, ಯಾವ ತಿಂಗಳಲ್ಲಿ, ಯಾರ ಮೈಮೇಲೆ ವಾಪಸ್ ಹೋಯ್ತು ಅನ್ನೋದು ಉಳಿದರ್ಧ.

ಕುತೂಹಲಿ:
ಮೇಡಂ ಅದ್ಭುತವಾಗಿ ಹೇಳಿದ್ರಿ. ಆದ್ರೆ ಇಷ್ಟು ಗೊತ್ತಿದ್ಮೇಲೆ ಔಷಧಿ ಹಾಕಿ ಹೇನು ಸಾಯಿಸಬಹುದಲ್ವಾ? ಕಷ್ಟ ಏನು?

ಉತ್ತರದಗಾಳಿ:
ಇದಕ್ಕೆ ನಾನು ಹೇಳ್ತೀನಿ, ನಾರ್ವೇಲಿ ಎರಡು ವರ್ಷ ಒಂದು ಫಾರ್ಮಲ್ಲಿ ಕೆಲ್ಸ ಮಾಡಿದೀನಿ, ಹೆಸರು ಬೇಡ. ನನ್ನ ಕೆಲ್ಸದಲ್ಲಿ ಒಂದು ಭಾಗ ಹೇನು ಎಣಿಸೋದೇ. ನೀರು 4 ಡಿಗ್ರಿ ಮತ್ತೆ ಅದಕ್ಕಿಂತ ಮೇಲಿದ್ರೆ ವಾರಕ್ಕೊಂದು ಸಲ ಎಣಿಸಲೇಬೇಕು, ಪಂಜರದಿಂದ ಮೀನು ಎತ್ತಿ ಅರೆಪ್ರಜ್ಞೆ ಮಾಡೋ ಔಷಧಿ ಬೆರೆಸಿದ ನೀರಿನ ತೊಟ್ಟಿಗೆ ಹಾಕಿ, ಮಲಗಿಸಿ, ಅಂಟಿಕೊಂಡಿರೋ ಚಿಕ್ಕವು ಎಷ್ಟು, ಓಡಾಡೋವು ಎಷ್ಟು, ದೊಡ್ಡ ಹೆಣ್ಣು ಎಷ್ಟು ಅಂತ ಬೇರೆ ಬೇರೆ ಬರೀಬೇಕು. ಬೆರಳು ಮರಗಟ್ಟಿ ಹೋಗುತ್ತೆ ಚಳೀಲಿ. ಆ ಲೆಕ್ಕ ಯಾರು ಬೇಕಾದ್ರೂ ನೋಡೋ ಹಾಗೆ ಪ್ರಕಟ ಆಗುತ್ತೆ, ಇದೊಂದು ವಿಷ್ಯದಲ್ಲಿ ನಾರ್ವೆಯವರನ್ನ ಮೆಚ್ಚಲೇಬೇಕು.

ಮಿತಿ ಏನು ಅಂದ್ರೆ ಸರಾಸರಿ ಒಂದು ಮೀನಿಗೆ 0.5 ದೊಡ್ಡ ಹೆಣ್ಣು ಹೇನು, ವಸಂತದಲ್ಲಿ ವೈಲ್ಡ್ ಮರಿಗಳು ಹೊರಡೋ ವಾರಗಳಲ್ಲಿ 0.2. ಕೇಳೋಕೆ ಎಷ್ಟು ಕಮ್ಮಿ ಅನ್ಸುತ್ತೆ ಅಲ್ವಾ, ನನಗೂ ಹಾಗೇ ಅನ್ಸಿತ್ತು. ಒಂದಿನ ಸುಮ್ನೆ ಕೂತು ಗುಣಿಸಿದೆ. ಅಲ್ಲಿ ಒಂದು ಪಂಜರದಲ್ಲಿ ಗರಿಷ್ಠ 2 ಲಕ್ಷ ಮೀನು ಇಡಬಹುದು. ಅಂಥ ಐದು ಪಂಜರ ಇದ್ರೆ 10 ಲಕ್ಷ ಮೀನು. ಮೀನಿಗೆ 0.2 ಅಂದ್ರೂ 2 ಲಕ್ಷ ಹೆಣ್ಣು ಹೇನು, ಒಂದೊಂದಕ್ಕೂ ನೂರಾರು ಮೊಟ್ಟೆ. ನಾವು ನಿಯಮ ಪಾಲಿಸ್ತಾನೇ ಇದ್ವಿ, ಪಟ್ಟಿ ಹಸಿರಾಗೇ ಇತ್ತು, ಆದ್ರೂ ಕೋಟಿಗಟ್ಟಲೆ ಲಾರ್ವಾ ಫ್ಯೋರ್ಡ್‌ಗೆ (ಬೆಟ್ಟಗಳ ನಡುವೆ ಒಳನುಗ್ಗಿರೋ ಕಡಲಿನ ಕೊಲ್ಲಿಗೆ) ಬಿಡ್ತಿದ್ವಿ. ನಾರ್ವೆ ಸಮುದ್ರದ ಪಂಜರಗಳಲ್ಲಿ ಸುಮಾರು 40 ಕೋಟಿ ಸಾಲ್ಮನ್ ಇದೆ, ಹೊಳೆಗೆ ವಾಪಸ್ ಬರೋ ವೈಲ್ಡ್ ಸಾಲ್ಮನ್ ವರ್ಷಕ್ಕೆ 5 ಲಕ್ಷದ ಆಸುಪಾಸು, ಈಚೆಗೆ ಅದಕ್ಕಿಂತಲೂ ಕಮ್ಮಿ. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ನಿದ್ದೆ ಬರ್ಲಿಲ್ಲ.

ಔಷಧಿ ವಿಷ್ಯ. ಆಹಾರದಲ್ಲಿ ಬೆರೆಸಿ ಕೊಡೋ ಎಮಾಮೆಕ್ಟಿನ್ ಮೊದಲು ಚೆನ್ನಾಗಿ ಕೆಲ್ಸ ಮಾಡ್ತಿತ್ತು, ಬಳಸಿ ಬಳಸಿ ಹೇನು ಅದಕ್ಕೆ ಒಗ್ಗಿ ಹೋಯ್ತು. ಹೈಡ್ರೋಜನ್ ಪೆರಾಕ್ಸೈಡ್ ಸ್ನಾನಕ್ಕೂ ಅದೇ ಗತಿ. ಈಗ ಜಾಸ್ತಿ ಇರೋದು ಯಂತ್ರಗಳು: ಮೀನನ್ನ ಪೈಪಲ್ಲಿ ಎಳೆದು ಸುಮಾರು 30 ಡಿಗ್ರಿ ಬಿಸಿ ನೀರಲ್ಲಿ ಅರ್ಧ ನಿಮಿಷ ಮುಳುಗಿಸೋದು, ಇಲ್ಲಾಂದ್ರೆ ನೀರಿನ ರಭಸದಿಂದ ಹೇನು ಉದುರಿಸೋದು. ತಣ್ಣನೆ ನೀರಲ್ಲಿ ಬದುಕೋ ಮೀನು ಅದು, ಬಿಸಿ ತಗುಲಿದ ತಕ್ಷಣ ಹೇಗೆ ಒದ್ದಾಡುತ್ತೆ ಅಂತ ನೋಡಿದವರು ಮರೆಯಲ್ಲ. ಹೇನು ತಿನ್ನೋಕೆ ಅಂತ ಲಂಪ್‌ಫಿಶ್, ರಾಸ್ ಜಾತಿಯ ಪುಟ್ಟ ಮೀನುಗಳನ್ನ ಪಂಜರಕ್ಕೆ ಬಿಡ್ತಾರೆ, ಅವೂ ರಾಶಿ ರಾಶಿ ಸಾಯ್ತವೆ. 2023ರಲ್ಲಿ ನಾರ್ವೆಯ ಸಮುದ್ರ ಪಂಜರಗಳಲ್ಲೇ 6 ಕೋಟಿಗೂ ಹೆಚ್ಚು ಸಾಲ್ಮನ್ ಸತ್ತಿವೆ, ಎಲ್ಲಾ ಹೇನಿಂದ ಅಲ್ಲ, ಆದ್ರೆ ಹೇನು ತೆಗೆಯೋಕೆ ಕೊಡೋ ಹಿಂಸೆಗೂ ಅದರಲ್ಲಿ ಪಾಲಿದೆ.

ಲೆಕ್ಕದಮೇಷ್ಟ್ರು:
ಓದಿ ಸಂತೋಷ ಆಯ್ತು, ಆದ್ರೆ ಇನ್ನೊಂದು ಬದಿ ಕೂಡ ದಾಖಲಾಗ್ಲಿ ಅಂತ ಬರೀತಿದೀನಿ, ದಯವಿಟ್ಟು ಫಾರ್ಮ್ ಪರ ಅಂತ ಹಣೆಪಟ್ಟಿ ಕಟ್ಬೇಡಿ.

2007ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ಪ್ರಬಂಧ ಬಂತು, ವ್ಯಾಂಕೂವರ್ ದ್ವೀಪದ ಹತ್ರದ ಬ್ರಾಟನ್ ದ್ವೀಪಸಮೂಹದಲ್ಲಿ ಹೇನಿನ ಹಾವಳಿ ಹೀಗೇ ಮುಂದುವರಿದ್ರೆ ಪಿಂಕ್ ಸಾಲ್ಮನ್ ನಾಲ್ಕು ತಲೆಮಾರಲ್ಲಿ ಶೇ 99 ಕುಸಿಯುತ್ತೆ ಅಂತ. ಹಾಗೆ ಆಗ್ಲಿಲ್ಲ. 2010ರಲ್ಲಿ ಇನ್ನೊಂದು ತಂಡ ಫಾರ್ಮ್‌ಗಳ ಹೇನಿನ ಲೆಕ್ಕ ಇಟ್ಕೊಂಡು, ಅದಕ್ಕೂ ವೈಲ್ಡ್ ಪಿಂಕ್ ಸಂಖ್ಯೆಗೂ ಸಂಬಂಧ ಕಾಣಿಸ್ತಿಲ್ಲ ಅಂತ ಬರೀತು. ಬ್ರಿಟಿಷ್ ಕೊಲಂಬಿಯಾದ ಫ್ರೇಸರ್ ನದಿ ವಿಷ್ಯ ನೋಡಿ: 2009ರಲ್ಲಿ 1 ಕೋಟಿಗೂ ಹೆಚ್ಚು ಸಾಕೈ (ಇನ್ನೊಂದು ಜಾತಿಯ ಸಾಲ್ಮನ್) ಬರುತ್ತೆ ಅಂತ ಅಂದಾಜಿತ್ತು, ಬಂದಿದ್ದು 14 ಲಕ್ಷಕ್ಕೂ ಕಮ್ಮಿ, ಎಲ್ರೂ ಫಾರ್ಮ್ ಕಡೆ ಬೆರಳು ತೋರಿಸಿದ್ರು. ಮರುವರ್ಷ 2010ರಲ್ಲಿ ಎರಡೂವರೆ ಕೋಟಿಗೂ ಮೇಲೆ ಬಂತು, ಫಾರ್ಮ್‌ಗಳು ಇದ್ದಲ್ಲೇ ಇದ್ವು. ಸಮುದ್ರ ಬಿಸಿಯಾಗ್ತಿದೆ, ಆಹಾರ ಕಮ್ಮಿಯಾಗ್ತಿದೆ, ಫ್ರೇಸರ್‌ನ ಬಿಗ್ ಬಾರ್ ಹತ್ರ ಬಂಡೆ ಕುಸಿದು ದಾರಿಯೇ ಮುಚ್ಚಿತ್ತು, ಇದನ್ನೆಲ್ಲ ಬಿಟ್ಟು ಬಲೆ ಒಂದನ್ನೇ ದೂರೋದು ನ್ಯಾಯ ಅಲ್ಲ ಅನ್ನೋದು ನನ್ನ ಅನಿಸಿಕೆ. ಆ ಫಾರ್ಮ್‌ಗಳ ಸಂಬಳದ ಮೇಲೆ ನಿಂತಿರೋ ಸಣ್ಣ ಊರುಗಳೂ ಇವೆ.

ಕಿವಿರು:
ಮೇಷ್ಟ್ರೇ ನೀವು ಎತ್ತಿದ್ದು ಒಳ್ಳೇದಾಯ್ತು. ಆ ಶೇ 99 ಭವಿಷ್ಯ ಯಾಕೆ ನಿಜ ಆಗ್ಲಿಲ್ಲ ಅನ್ನೋದನ್ನ ನೋಡಿ. ಅದಾದ ಮೇಲೆ ಬ್ರಾಟನ್‌ನಲ್ಲಿ ಮರಿಗಳು ಇಳಿಯೋ ಮೊದಲೇ, ಚಳಿಗಾಲದಲ್ಲೇ ಫಾರ್ಮ್ ಮೀನಿಗೆ ಔಷಧಿ ಕೊಡೋಕೆ ಶುರು ಮಾಡಿದ್ರು, ಮರಿಗಳ ಮೇಲೆ ಹೇನು ಇಳೀತು, ಕುಸಿತವೂ ನಿಂತಿತು. ಹೇನಿಗೂ ಕುಸಿತಕ್ಕೂ ಸಂಬಂಧ ಇಲ್ಲ ಅನ್ನೋದಕ್ಕೆ ಅದು ಸಾಕ್ಷಿ ಆಗಲ್ಲ, ನನ್ನ ಪ್ರಕಾರ ಉಲ್ಟಾ. 2010ರ ಪ್ರಬಂಧದಲ್ಲಿ ಬಳಸಿದ ಅದೇ ಫಾರ್ಮ್ ಲೆಕ್ಕ ಇಟ್ಕೊಂಡು, ಫಾರ್ಮ್ ಇಲ್ಲದ ಕಡೆಯ ಹೊಳೆಗಳನ್ನೂ ಹೋಲಿಕೆಗೆ ಸೇರಿಸಿ 2011ರಲ್ಲಿ ಇನ್ನೊಂದು ತಂಡ ನೋಡಿದಾಗ ಪಿಂಕ್ ಮತ್ತು ಕೋಹೋ ಎರಡೂ ಜಾತಿಯ ಸಾಲ್ಮನ್‌ಗೆ ಪೆಟ್ಟು ಬಿದ್ದಿರೋದು ಕಾಣಿಸ್ತು. 2015ರಲ್ಲಿ ಅದೇ ಬ್ರಾಟನ್‌ನಲ್ಲಿ ಹೇನು ಮತ್ತೆ ಏರ್ತು. 2018ರಲ್ಲಿ ದ್ವೀಪದ ಪಶ್ಚಿಮಕ್ಕಿರೋ ಕ್ಲಾಯೊಕ್ವಾಟ್ ಸೌಂಡ್‌ನಲ್ಲೂ ಏರ್ತು. ಔಷಧಿ ಕೈಕೊಟ್ಟ ದಿನ ಏನಾಗುತ್ತೆ ಅಂತ ಉತ್ತರದಗಾಳಿಯವರು ಆಗಲೇ ಹೇಳಿದಾರೆ.

ಇನ್ನೊಂದು ಲೆಕ್ಕದ ವಿಷ್ಯ, ನಿಮಗೆ ಇಷ್ಟ ಆಗಬಹುದು. ಐರ್ಲೆಂಡಲ್ಲಿ ವರ್ಷಗಟ್ಟಲೆ ಮರಿಗಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ಹೇನು ನಿರೋಧಕ ಕೊಟ್ಟು, ಇನ್ನೊಂದಕ್ಕೆ ಕೊಡದೆ ಸಮುದ್ರಕ್ಕೆ ಬಿಟ್ಟು, ಎಷ್ಟು ವಾಪಸ್ ಬಂತು ನೋಡಿದ್ರು. 2013ರಲ್ಲಿ ಒಂದು ತಂಡ ವ್ಯತ್ಯಾಸ ಬರೀ ಶೇ 1 ಅಂತು. ಇನ್ನೊಂದು ತಂಡ ಅದೇ ದತ್ತಾಂಶ ನೋಡಿ ವಾಪಸ್ ಬರೋ ಮೀನಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯ್ತು ಅಂತು. ಉದಾಹರಣೆಗೆ ನೂರು ಮರಿ ಬಿಟ್ರೆ ಮೂರು ಬರೋ ಕಡೆ ಎರಡು ಬಂತು ಅನ್ಕೊಳಿ. ನೂರರಲ್ಲಿ ಒಂದೇ ತಾನೇ ಹೋಗಿದ್ದು ಅನ್ನಬಹುದು. ಆದ್ರೆ ಹೊಳೇಲಿ ಮೊಟ್ಟೆ ಇಡೋಕೆ ಬರೋ ಮೀನು ಮೂರರಿಂದ ಎರಡಕ್ಕೆ ಇಳೀತು. ಹೊಳೆಗೆ ಬೇಕಾಗಿರೋದು ಆ ಎರಡನೇ ಲೆಕ್ಕ.

ಕುತೂಹಲಿ:
ಹೇನಿಗಿಂತ ವೈರಸ್ ಅಪಾಯ ಜಾಸ್ತಿ ಅಂತ ಎಲ್ಲೋ ಓದಿದ್ದೆ, ನಿಜಾನಾ?

ಕಿವಿರು:
ಹೇನು ಕಣ್ಣಿಗೆ ಕಾಣುತ್ತೆ, ಎಣಿಸಬಹುದು, ಅದಕ್ಕೇ ಎಲ್ಲಾ ವಾದ ಅದರ ಸುತ್ತಲೇ. ವೈರಸ್ ಕಥೆ ಕಷ್ಟದ್ದು. ಪಂಜರದಲ್ಲಿ ಮೀನು ಕಾಯಿಲೆ ಬಿದ್ರೆ ಅಲ್ಲೇ ಸುತ್ತುತ್ತಾ ವಾರಗಟ್ಟಲೆ ವೈರಸ್ ಬಿಡುತ್ತೆ, ಬೇಟೆಗಾರ ಪ್ರಾಣಿ ಬಂದು ತಿನ್ನೋ ಹಾಗಿಲ್ಲ. ಹೊರಗೆ ಹಾಗಲ್ಲ. ಸಾಲ್ಮನ್‌ಗೆ ಕಾಯಿಲೆ ತರೋ ಐಎಚ್ಎನ್ ವೈರಸ್ ತಗುಲಿದ ಸಾಕೈ ಮರಿಗಳನ್ನ ಬುಲ್ ಟ್ರೌಟ್ ಅನ್ನೋ ಬೇಟೆಗಾರ ಮೀನು ಆರಿಸಿ ಆರಿಸಿ ತಿನ್ನುತ್ತೆ ಅಂತ ಫ್ರೇಸರ್‌ನ ಮೇಲ್ಭಾಗದ ಚಿಲ್ಕೋ ಕಡೆ ತೋರಿಸಿದ್ದಾರೆ. ಅಂದ್ರೆ ಹೊರಗಿನ ನೀರಲ್ಲಿ ಕಾಯಿಲೆ ಮೀನು ಬೇಗ ಮಾಯ ಆಗುತ್ತೆ, ಕಾಯಿಲೆ ಹರಡೋದು ಅಲ್ಲಿಗೇ ನಿಲ್ಲುತ್ತೆ. ಇದರಿಂದ ಇನ್ನೊಂದು ತೊಂದರೆ: ವೈಲ್ಡ್ ಮೀನು ಕಾಯಿಲೆಯಿಂದ ಸತ್ತಿದ್ದಕ್ಕೆ ಹೆಣ ಸಿಗಲ್ಲ. ಹೆಣ ತೋರಿಸಿ ಅಂತ ಕೇಳಿದ್ರೆ ಸಮುದ್ರ ಏನು ತೋರಿಸುತ್ತೆ?

ಪಿಆರ್‌ವಿ ಅನ್ನೋ ವೈರಸ್ ಮೇಲೆ ಇಲ್ಲಿ ದೊಡ್ಡ ಜಟಾಪಟಿ. ನಾರ್ವೆ ಫಾರ್ಮ್‌ಗಳಲ್ಲಿ 1999ರಲ್ಲಿ ಹೃದಯ ಮತ್ತು ಸ್ನಾಯು ಊತದ ಕಾಯಿಲೆ ಕಾಣಿಸ್ತು, 2010ರಲ್ಲಿ ಅದರ ಜೊತೆಗಿರೋ ಈ ವೈರಸ್ ಪತ್ತೆ ಆಯ್ತು. ಬ್ರಿಟಿಷ್ ಕೊಲಂಬಿಯಾದಲ್ಲಿರೋ ತಳಿ ಅಟ್ಲಾಂಟಿಕ್ ಕಡೆಯಿಂದ ಸುಮಾರು ಮೂವತ್ತು ವರ್ಷದ ಹಿಂದೆ ಬಂದಿದ್ದು ಅಂತ 2021ರ ಜೀನ್ ಅಧ್ಯಯನ ಹೇಳುತ್ತೆ, ಫಾರ್ಮ್ ಹತ್ರ ಇರೋ ಚಿನೂಕ್ ಜಾತಿಯ ಸಾಲ್ಮನ್ ಮರಿಗಳಲ್ಲಿ ಸೋಂಕು ಜಾಸ್ತಿ ಅಂತಾನೂ ಹೇಳುತ್ತೆ. ಚಿನೂಕ್‌ನಲ್ಲಿ ರಕ್ತಕಣ ಒಡೆದು ಕಾಮಾಲೆ ಥರ ಆಗೋದಕ್ಕೂ ಈ ವೈರಸ್‌ಗೂ ನಂಟಿದೆ ಅಂತ ಕ್ರಿಸ್ಟಿ ಮಿಲ್ಲರ್-ಸಾಂಡರ್ಸ್ ಅವರ ತಂಡ ಹೇಳ್ತು, ಅವರು ಆಗ ಸರ್ಕಾರದ ಮೀನುಗಾರಿಕೆ ಇಲಾಖೆಯ ವಿಜ್ಞಾನಿಯೇ. ಅದೇ ಇಲಾಖೆಯ ಬೇರೆ ವಿಜ್ಞಾನಿಗಳು ಸಾಕೈಗೆ ವೈರಸ್ ಚುಚ್ಚಿ ನೋಡಿ ಉಸಿರಾಟಕ್ಕೆ ಹೇಳಿಕೊಳ್ಳೋ ತೊಂದರೆ ಕಾಣ್ಲಿಲ್ಲ ಅಂದ್ರು. ಎರಡೂ ನಿಜ ಇರಬಹುದು, ಮೀನಿನ ಜಾತಿ ಬೇರೆ, ತೊಟ್ಟಿ ಬೇರೆ ಸಮುದ್ರ ಬೇರೆ. ತೊಟ್ಟೀಲಿ ಹಸಿದ ಬುಲ್ ಟ್ರೌಟ್ ಇರಲ್ಲ, ಸ್ವಲ್ಪ ಸುಸ್ತಾದ ಮೀನೂ ಬದುಕುತ್ತೆ.

ಉತ್ತರದಗಾಳಿ:
ಫಾರ್ಮ್ ಮಾಡೋರಿಗೂ ಇದು ಉರುಳೇ ಅನ್ನೋದಕ್ಕೆ ಚಿಲಿ ನೋಡಿ. ಅಲ್ಲಿ ಮೂಲದಲ್ಲಿ ಸಾಲ್ಮನ್ನೇ ಇಲ್ಲ, ಎಲ್ಲಾ ಹೊರಗಿಂದ ತಂದಿದ್ದು, ವೈಲ್ಡ್ ಸಾಲ್ಮನ್ ಮೇಲೆ ತಪ್ಪು ಹಾಕೋ ಹಾಗೇ ಇಲ್ಲ. ನಾರ್ವೇಲಿ 1984ರಲ್ಲಿ ಮೊದಲು ಕಂಡ, ಸಾಲ್ಮನ್‌ಗೆ ರಕ್ತಹೀನತೆ ತರೋ ಐಎಸ್ಎ ವೈರಸ್ 2007ರಲ್ಲಿ ಚಿಲೀಲಿ ಹಬ್ಬಿ ಎರಡು ಮೂರು ವರ್ಷದಲ್ಲಿ ಅಟ್ಲಾಂಟಿಕ್ ಸಾಲ್ಮನ್ ಉತ್ಪಾದನೆ ನಾಲ್ಕು ಲಕ್ಷ ಟನ್ ಹತ್ರ ಇದ್ದದ್ದು ಒಂದು ಲಕ್ಷದ ಆಸುಪಾಸಿಗೆ ಬಿತ್ತು, ಸಾವಿರಾರು ಜನ ಕೆಲ್ಸ ಕಳ್ಕೊಂಡ್ರು. ಈ ವೈರಸ್‌ಗೆ ಕಾಯಿಲೆ ತರದ ಸಾಧು ರೂಪ ಒಂದಿದೆ, ಮೀನು ಒತ್ತೊತ್ತಾಗಿ ಇರೋ ಕಡೆ ಅದೇ ಬದಲಾಗಿ ಕೊಲ್ಲೋ ರೂಪ ತಾಳುತ್ತೆ. ಅದೇ ಕಾಯಿಲೆಯಿಂದ ಪೆಟ್ಟು ತಿಂದ ಫ್ಯಾರೋ ದ್ವೀಪದವರು ಒಂದು ಫ್ಯೋರ್ಡ್‌ಗೆ ಒಂದೇ ತಲೆಮಾರಿನ ಮೀನು, ಪೂರ್ತಿ ಖಾಲಿ ಮಾಡಿ ಜಾಗನ ಸ್ವಲ್ಪ ಕಾಲ ಹಾಗೇ ಬಿಟ್ಟ ಮೇಲೇ ಮುಂದಿನದು ಅಂತ ಕಟ್ಟುನಿಟ್ಟು ಮಾಡಿದ್ರು, ತುಂಬಾ ಸುಧಾರಿಸ್ತು.

ಹೊಳೆಬದಿ:
ನೀವೆಲ್ಲ ಇಷ್ಟು ತಾಳ್ಮೆಯಿಂದ ಬರೀತಿರೋದಕ್ಕೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ. ಇಷ್ಟೆಲ್ಲ ಗೊತ್ತಿದ್ದೂ ಸರ್ಕಾರ ಇಷ್ಟು ವರ್ಷ ಯಾಕೆ ತಗೊಳ್ತು?

ಕಡಲಹಕ್ಕಿ:
ನಾನು ಇದನ್ನ ಹತ್ತು ವರ್ಷದಿಂದ ಹಿಂಬಾಲಿಸ್ತಿದೀನಿ, ನೋವಾಗುತ್ತೆ ಬರೆಯೋಕೆ. 2009ರ ಸಾಕೈ ಕುಸಿತದ ಮೇಲೆ ನ್ಯಾಯಮೂರ್ತಿ ಬ್ರೂಸ್ ಕೊಹೆನ್ ಅವರ ಆಯೋಗ ಕೂತಿತು, 2012ರಲ್ಲಿ 75 ಶಿಫಾರಸು ಕೊಡ್ತು. ಯಾವುದೋ ಒಂದೇ ಕಾರಣ ಅಂತ ಅವರು ಹೇಳ್ಲಿಲ್ಲ, ಅದನ್ನ ಮೇಷ್ಟ್ರು ಗಮನಿಸ್ಲಿ. ಆದ್ರೆ ಫಾರ್ಮ್‌ಗಳಿಂದ ಆಗಬಹುದಾದ ಹಾನಿ ಗಂಭೀರ ಅಥವಾ ವಾಪಸ್ ಸರಿಪಡಿಸೋಕೆ ಆಗದ್ದು ಅಂತ ಬರೆದ್ರು. ಇನ್ನೊಂದು ಮುಖ್ಯ ಮಾತು: ವೈಲ್ಡ್ ಮೀನನ್ನ ಕಾಪಾಡಬೇಕಾದ ಇಲಾಖೆಗೇ ಸಾಲ್ಮನ್ ಫಾರ್ಮ್ ಉದ್ಯಮವನ್ನ ಬೆಳೆಸೋ ಹೊಣೆಯೂ ಇರಬಾರದು ಅಂದ್ರು. ಬೇಲಿಯೇ ಎದ್ದು ಹೊಲ ಮೇಯೋ ಪರಿಸ್ಥಿತಿ ಅದು. ಡಿಸ್ಕವರಿ ದ್ವೀಪಗಳು ಫ್ರೇಸರ್ ಮರಿಗಳು ಹಾದುಹೋಗೋ ಇಕ್ಕಟ್ಟಿನ ದಾರಿ, ಅಲ್ಲಿ ಅಪಾಯ ಅತ್ಯಲ್ಪ ಅಂತ ಖಾತ್ರಿ ಆಗದಿದ್ರೆ 2020ರ ಸೆಪ್ಟೆಂಬರ್ 30ಕ್ಕೆ ಮುಚ್ಚಿ ಅಂತ ಗಡುವು ಕೊಟ್ಟಿದ್ರು. ಗಡುವಿನ ಹೊತ್ತಿಗೆ ಇಲಾಖೆ ಒಂಬತ್ತು ರೋಗಾಣು ಪರೀಕ್ಷಿಸಿ ಎಲ್ಲದರಿಂದಲೂ ಅಪಾಯ ಅತ್ಯಲ್ಪ ಅಂತು, ಹೇನು ಆ ಒಂಬತ್ತರಲ್ಲಿ ಇರಲೇ ಇಲ್ಲ. ಆ ವರ್ಷ ಡಿಸೆಂಬರಲ್ಲಿ ಮೀನುಗಾರಿಕೆ ಸಚಿವೆ ಮುಚ್ತೀವಿ ಅಂದ್ರು, 2022ರಲ್ಲಿ ಕೋರ್ಟ್ ಆ ತೀರ್ಮಾನ ರದ್ದು ಮಾಡ್ತು, 2023ರ ಫೆಬ್ರವರಿಯಲ್ಲಿ ಮುಂದಿನ ಸಚಿವೆ 15 ಲೈಸೆನ್ಸ್ ನವೀಕರಿಸದೆ ಕೈಬಿಟ್ರು. ಬ್ರಾಟನ್‌ನಲ್ಲಿ ಮಾತ್ರ ದಾರಿ ಬೇರೆ, ಅಲ್ಲಿನ ಮೂರು ಮೂಲನಿವಾಸಿ ಸಮುದಾಯಗಳು 2018ರಲ್ಲಿ ಪ್ರಾಂತ್ಯದ ಜೊತೆ, ಕಂಪನಿಗಳ ಜೊತೆ ಕೂತು ಒಪ್ಪಂದ ಮಾಡಿ ಹಂತ ಹಂತವಾಗಿ ಫಾರ್ಮ್ ತೆಗೆಸಿದ್ರು.

ಮೂಲನಿವಾಸಿಗಳೆಲ್ಲ ಒಂದೇ ಕಡೆ ಅಂತಾನೂ ಅನ್ಕೋಬೇಡಿ. ಕ್ಲೆಮ್ಟು ಊರಿನ ಕಿಟಾಸೂ ಸಮುದಾಯ ಫಾರ್ಮ್‌ನ ಜೊತೆ ಪಾಲುದಾರಿಕೆಯಲ್ಲಿದೆ, ಅವರ ಊರಿನ ಬದುಕು ಅದರ ಮೇಲಿದೆ, ನಮ್ಮ ನೀರಿನ ತೀರ್ಮಾನ ನಮ್ಮದು ಅಂತಾರೆ. ಅವರ ಮಾತಿಗೂ ತೂಕ ಇದೆ. ಆದ್ರೆ ಲಾರ್ವಾಕ್ಕೆ ಯಾರ ಗಡಿಯೂ ಗೊತ್ತಿಲ್ಲ.

ಲೆಕ್ಕದಮೇಷ್ಟ್ರು:
ಐರ್ಲೆಂಡ್ ಲೆಕ್ಕ ನನಗೆ ಹೊಳೆದಿರ್ಲಿಲ್ಲ, ಒಪ್ಕೋತೀನಿ. ಹೇನಿನ ವಿಷ್ಯದಲ್ಲಿ ನನ್ನ ಅಭಿಪ್ರಾಯ ಬದಲಾಯ್ತು, ವೈರಸ್ ವಿಷ್ಯದಲ್ಲಿ ಇನ್ನೂ ಪೂರ್ತಿ ಒಪ್ಪಿಲ್ಲ. ಹಾಗಾದ್ರೆ ಪರಿಹಾರ ಭೂಮಿ ಮೇಲಿನ ತೊಟ್ಟಿಗಳೇನಾ? ಕರೆಂಟು, ಖರ್ಚು?

ಉತ್ತರದಗಾಳಿ:
ಖರ್ಚು ಜಾಸ್ತಿ, ನಿಜ. ದಿನಾ ಪಂಪ್ ಓಡಬೇಕು, ಫಿಲ್ಟರ್ ಕೆಟ್ರೆ ಗಂಟೆಗಳಲ್ಲಿ ಇಡೀ ತೊಟ್ಟಿ ಸಾಯುತ್ತೆ. ನಡುವಿನ ದಾರಿಯೂ ಇದೆ, ಸಮುದ್ರದಲ್ಲೇ ಗಟ್ಟಿ ಗೋಡೆಯ ಮುಚ್ಚಿದ ಪಂಜರ, ಆಳದಿಂದ ನೀರು ಎಳೆಯೋದು, ಹೇನಿನ ಲಾರ್ವಾ ಮೇಲ್ಪದರದಲ್ಲೇ ಜಾಸ್ತಿ ಇರೋದ್ರಿಂದ ಹೇನು ತುಂಬಾ ತಗ್ಗುತ್ತೆ. ಆದ್ರೆ ಹೊರಗೆ ಹೋಗೋ ನೀರನ್ನ ಶುದ್ಧ ಮಾಡದಿದ್ರೆ ವೈರಸ್‌ಗೆ ಅದು ತಡೆ ಅಲ್ಲ. ತೆರೆದ ಬಲೆ ಅಗ್ಗ ಯಾಕೆ ಅಂದ್ರೆ ಕೊಳೆ, ಕಾಯಿಲೆ ಎರಡನ್ನೂ ಸಮುದ್ರ ಬಿಟ್ಟಿಯಾಗಿ ಹೊತ್ಕೊಂಡು ಹೋಗುತ್ತೆ, ಆ ಖರ್ಚು ಹೊಳೆ ಕಟ್ಟುತ್ತೆ.

ಹೊಳೆಬದಿ:
ಸ್ನೇಹಿತರಿಗೆ ಇದನ್ನೆಲ್ಲ ಕನ್ನಡದಿಂದ ಇಂಗ್ಲಿಷಿಗೆ ಮಾಡಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ "ಚಳಿಗಾಲದ ಮಾತು ನಾನು ಯೋಚಿಸಿರ್ಲಿಲ್ಲ" ಅಂದ್ರು, "ಆದ್ರೆ 2029ರ ಮೇಲೆ ನನ್ನ ಮನೆ ಕಂತು ಯಾರು ಕಟ್ತಾರೆ" ಅಂತಾನೂ ಅಂದ್ರು. ಎರಡೂ ನಿಜವಾದ ಮಾತು, ನನ್ನ ಹತ್ರ ಎರಡನೇದಕ್ಕೆ ಉತ್ತರ ಇಲ್ಲ.

ಏಪ್ರಿಲಲ್ಲಿ ಇಲ್ಲಿ ಮರಿಗಳ ಮೇಲಿನ ಹೇನು ಎಣಿಸೋಕೆ ಸ್ವಯಂಸೇವಕರು ಬೇಕಂತೆ, ಇಬ್ರೂ ಹೆಸರು ಕೊಟ್ಟಿದೀವಿ. ಕಿವಿರು ಮೇಡಂ, ಮರಿಗೆ ನೋವಾಗದ ಹಾಗೆ ಎಣಿಸೋದು ಹೇಗೆ?

ಕಿವಿರು:
ಕೈಯಲ್ಲಿ ಮುಟ್ಟಬೇಡಿ, ಲೋಳೆ ಪದರ ಕಿತ್ತು ಬರುತ್ತೆ. ಪಾರದರ್ಶಕ ಜಿಪ್ ಕವರಲ್ಲಿ ತಣ್ಣನೆ ಸಮುದ್ರದ ನೀರು ತುಂಬಿ ಒಂದೊಂದೇ ಮರಿ ಹಾಕಿ, ಭೂತಗನ್ನಡಿ ಹಿಡಿದು ಎರಡೂ ಬದಿ ನೋಡಿ, ಕಿವಿರಿನ ಹಿಂದೆ ಮತ್ತೆ ಬೆನ್ನಿನ ರೆಕ್ಕೆ ಬುಡದಲ್ಲಿ ವಿಶೇಷವಾಗಿ ನೋಡಿ. ಚಿಕ್ಕ ಹಂತದವು ಕಂದು ಚುಕ್ಕೆ ಥರ ಕಾಣ್ತವೆ. ಅಂಟಿರೋದು, ಓಡಾಡೋದು ಬೇರೆ ಬೇರೆ ಬರ್ಕೊಳಿ, ಹೇನು ಇಲ್ಲದ ಮರಿಯನ್ನೂ ಸೊನ್ನೆ ಅಂತ ಬರೀಲೇಬೇಕು. ಒಂದು ಮರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ತಗೋಬೇಡಿ, ಬಿಸಿಲಿಗೆ ಕವರ್ ಹಿಡೀಬೇಡಿ, ನೋಡಿದ ತಕ್ಷಣ ಎತ್ತಿದ ಜಾಗದಲ್ಲೇ ಬಿಡಿ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ಕಾಯ್ತಿರ್ತೀನಿ.